ನಕಲಿಗೆ ಸುತ್ತಿಗೆ

ಮೋಟಾರಿಗೆ ತಂತಿ ಸುತ್ತುವ ಕಸುಬಿನಿಂದ ಅವನಿಗೆ ಸುರುಳಿ ಎಂಬ ಹೆಸರು ಅಂಟಿತ್ತು. ಹೊಟ್ಟೆಪಾಡು ಅದು, ಹುಚ್ಚು ಬೇರೆ: ಹಳೆಯ ವ್ಯಾಕ್ಯೂಮ್ ಕ್ಲೀನರುಗಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವು ಸೊಂಡಿಲು ಚಾಚಿ, ಚೀಲ ಜೋತುಬಿಟ್ಟುಕೊಂಡು ಗೋಡೆಗುಂಟ ನಿಂತಿದ್ದವು. ಅವನ ಹೆಂಡತಿ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು.

ಯಂತ್ರ ಅಸಲಿಯೋ, ಚೂರುಪಾರು ಜೋಡಿಸಿ ಬಣ್ಣ ಬಳಿದ ನಕಲಿಯೋ ಎನ್ನುವುದರಲ್ಲಿ ಅವನ ಮಾತೇ ಕೊನೆ. ಸ್ಕ್ರೂ ಬಿಚ್ಚುತ್ತಿದ್ದ, ತಳ ಕೆರೆದು ನೋಡುತ್ತಿದ್ದ, ತೀರ್ಪು ಕೊಡುತ್ತಿದ್ದ. ಇಂಥ ಯಂತ್ರ ಕೂಡಿಡುವವರ ಗುಂಪಿಗೆ ಒಂದು ಕಟ್ಟಳೆಯನ್ನೂ ಅವನೇ ತಂದಿದ್ದ. ನಕಲಿ ಎಂದಾದ ಮೇಲೆ ಅದನ್ನು ಮನೆಯವರೇ ನಿಂತ ಜಾಗದಲ್ಲಿ ಸುತ್ತಿಗೆಯಿಂದ ಒಡೆಯಬೇಕು. ಬಿಟ್ಟರೆ ಅದು ಇನ್ನೊಬ್ಬನ ತಲೆಗೆ ಟೋಪಿ ಹಾಕುತ್ತದೆ. ಒಡೆಯುವಾಗ ಯಾರಾದರೂ ಕಣ್ಣೊರೆಸಿಕೊಂಡರೆ, “ಏನ್ರೀ, ಹೆತ್ತ ಕೂಸೇನ್ರೀ ಅದು?” ಎಂದು ಹಲ್ಲು ಕಿರಿಯುತ್ತಿದ್ದ.

ಆ ಗುಂಪಿನಲ್ಲಿದ್ದ ಅವನ ಹಳೆಯ ಗೆಳೆಯನೊಬ್ಬ ಟೈಲರ್. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಇನ್ನು ಏಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ತೀರ್ಪಿಗೆ ಹೆದರಿ ಬಟ್ಟೆಯ ಥಾನುಗಳ ಹಿಂದೆ ಬಚ್ಚಿಟ್ಟಿದ್ದ ಒಂದು ಯಂತ್ರವನ್ನು ಈಗ ಹೊರಗೆ ತೆಗೆಸಿ, ಸುರುಳಿಗೆ ಹೇಳಿಕಳಿಸಿದ.

“ಮದುವೆ ಆದಾಗಿಂದ ಇವಳ ಬಾಯಲ್ಲಿ ನಾನು ಗುಜರಿ ಗಂಡ ಕಣೋ. ಅಸಲಿ ಆಗಿದ್ರೆ ಇವಳ ಎದುರಿಗೇ ಹೇಳಿಬಿಡು. ಅಷ್ಟು ಕೇಳಿಸ್ಕೊಂಡು ಕಣ್ಣು ಮುಚ್ತೀನಿ.”

“ಸಾಯೋಕೂ ಈ ಕಸದ ಮಿಶನ್ನಿನ ಅಪ್ಪಣೆ ಬೇಕು ಇವರಿಗೆ, ನೋಡಿ ಅಣ್ಣ,” ಎಂದಳು ಟೈಲರನ ಹೆಂಡತಿ.

ಸುರುಳಿ ತಳ ಕೆರೆದ. ದಪ್ಪ ಎರಕದ ಮೈ. ಚಿತ್ರದಲ್ಲಷ್ಟೇ ಕಂಡಿದ್ದ, ಜೀವಮಾನವಿಡೀ ಹುಡುಕಿ ಸಿಗದೇ ಹೋದ ಯಂತ್ರ ಕಾಲ ಬಳಿ ಕೂತಿತ್ತು. ಅಸಲಿ ಎಂದರೆ ಈ ಮನೆಯವರು ಇದನ್ನು ಬಿಟ್ಟುಕೊಡುವುದುಂಟೇ? ನಕಲಿ ಎಂದರೆ ಬೀದಿಗೆ ಬೀಳುತ್ತದೆ, ಎತ್ತಿಕೊಂಡು ಹೋದರಾಯಿತು. ಹಾಸಿಗೆ ಹಿಡಿದವನ ಕೈಗೆ ಯಾರು ಸುತ್ತಿಗೆ ಕೊಡುತ್ತಾರೆ?

“ನಕಲಿ ಕಣೋ. ತಗಡಿನ ಮೈ, ಮೇಲೆ ಬಣ್ಣ.”

ಟೈಲರ್ ಹೆಂಡತಿಗೆ, “ಸುತ್ತಿಗೆ ತಗೊಂಡ್ ಬಾ,” ಎಂದ.

“ಬಿಡೋ ಮಾರಾಯ, ನಿನಗೆಂಥ ಕಟ್ಟಳೆ! ನಾನೇ ಒಯ್ದು ಗುಜರಿಗೆ ಹಾಕ್ತೀನಿ.”

“ಬೇರೆ ಯಾರಿಗಾದ್ರೂ ಬಿಟ್ಟಿದ್ದೀಯಾ ನೀನು? ನನ್ನ ಮೇಲೆ ಮಾತ್ರ ಯಾಕೋ ಕರುಣೆ?”

ಹೆಂಡತಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಇಷ್ಟು ವರ್ಷದ ಸಿಟ್ಟನ್ನೆಲ್ಲ ತೋಳಿಗಿಳಿಸಿ ಬಾರಿಸಿದಳು. ಸುತ್ತಿಗೆ ಪುಟಿದು ವಾಪಸು ಬಂತು. ಮತ್ತೆ ಬಾರಿಸಿದಳು.

“ಅಯ್ಯೋ ಅಣ್ಣ, ತಗಡು ಅಂದ್ರಿ, ಒಂದು ತಗ್ಗೂ ಬೀಳ್ತಿಲ್ವಲ್ಲ!”

ಟೈಲರನ ಕಣ್ಣು ಸುರುಳಿಯ ಮುಖಕ್ಕೆ ಹೊಲಿದಂತೆ ನಿಂತಿತು. “ನನ್ನ ನೋಡಿ ಇನ್ನೊಂದ್ಸಲ ಹೇಳು.”

ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಹಿಂದೆ ಒಡೆಸಿದ ಒಂದೊಂದಕ್ಕೂ ಜನ ಬಂದು ಕೊರಳಪಟ್ಟಿ ಹಿಡಿಯುತ್ತಾರೆ.

“ನಕಲಿ.”

“ಹಾಗಾದ್ರೆ ನೀನೇ ಹೊಡಿ.”

ಸುರುಳಿ ಸುತ್ತಿಗೆ ಇಸಿದುಕೊಂಡ. ಪೈಪು ಸೇರುವ ಬಾಯಿಯ ಹತ್ತಿರ ಎರಕ ತೆಳ್ಳಗಿರುತ್ತದೆ. ಅಲ್ಲಿಗೇ ಗುರಿಯಿಟ್ಟು ಒಂದೇ ಏಟು ಹಾಕಿದ. ಯಂತ್ರ ಎರಡು ಹೋಳಾಗಿ ಮಗುಚಿತು.

“ಎಲ್ಲಿ ಹೊಡೆದ್ರೆ ಒಡೆಯುತ್ತೆ ಅಂತ ಚೆನ್ನಾಗೇ ಗೊತ್ತು ನಿನಗೆ,” ಎಂದ ಟೈಲರ್. ಸ್ವಾಧೀನವಿಲ್ಲದ ಕತ್ತನ್ನು ಕಷ್ಟಪಟ್ಟು ಗೋಡೆಯ ಕಡೆ ಹೊರಳಿಸಿಕೊಂಡ.

ಹೆಂಡತಿ ಖುಷಿಯಿಂದ ಹೋಳುಗಳನ್ನು ಗೋಣಿಚೀಲಕ್ಕೆ ತುಂಬಿ ಸುರುಳಿಯ ಹೆಗಲಿಗೇರಿಸಿದಳು. “ಪೀಡೆ ತೊಲಗ್ತು. ಮೆಲ್ಲಗೆ ಹೋಗಿ ಅಣ್ಣ, ಹೆಣಭಾರ ಇದೆ.”