ಎರಡೂ ತುದಿ ಮುಚ್ಚಿದ ಕಬ್ಬಿಣ

ಪುಣೆಯ ಧನಕವಡಿಯ ನಮ್ಮ ಸೊಸೈಟಿಯಲ್ಲಿ ಕಸ ಗುಡಿಸುವ ಕಲ್ಲವ್ವ ಯಾರನ್ನೂ ಸುಲಭವಾಗಿ ನಂಬುವವಳಲ್ಲ. ಯಾದಗಿರಿ ಕಡೆಯ ಈ ಹೆಂಗಸು ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ದೇಹೂ ರೋಡಿನಾಚೆ ಹೆದ್ದಾರಿ ಬದಿಯ ಒಂದು ಗುಜರಿಯಲ್ಲಿ, ಹಡಗಿನಲ್ಲಿ ಬಂದ ಪರದೇಶದ ಕಬ್ಬಿಣವನ್ನು ಆರಿಸುತ್ತಿದ್ದಳು. ಎರಡೂ ತುದಿ ಮುಚ್ಚಿದ ತುಂಡು ಸಿಕ್ಕರೆ ಮೆಲ್ಲಗೆ ಎತ್ತಿ ಗೋಡೆಯ ಬದಿಗಿಡುತ್ತಿದ್ದಳು. ಒಳಗೆ ಏನಿದೆಯೋ ಎಂಬ ಅನುಮಾನ ಆಕೆಗೆ. ಅವುಗಳ ಹಿತ್ತಾಳೆ ಪಟ್ಟಿ ಕದ್ದು ಮಾರಲು ಬಚ್ಚಿಡುತ್ತಾಳೆಂಬ ಅನುಮಾನ ಆಳುಗಳ ಮೇಲ್ವಿಚಾರಕನಾದ ಮುಕಾದಮ ಕೃಷ್ಣಾಜಿಗೆ. ಒಂದು ದಿನ ಅವನು ಅವನ್ನೆಲ್ಲ ಮತ್ತೆ ರಾಶಿಗೆ ಹಾಕಿಸಿದ. ಮರುದಿನ ಅವುಗಳಲ್ಲೊಂದು ಸಿಡಿದು ಕಲ್ಲವ್ವನ ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯಲ್ಲಿ ಗುಜರಿಯವರು ‘ಸಿಲಿಂಡರ್ ಒಡೆಯಿತು’ ಎಂದು ಬರೆಸಿದರು. ತಂಗಿ ಯಂಕವ್ವ ಅಲ್ಲಿಯೇ ಕೆಲಸಕ್ಕಿದ್ದುದರಿಂದ ಕಲ್ಲವ್ವ ತುಟಿ ಬಿಚ್ಚಲಿಲ್ಲ.

ಕಳೆದ ದಸರೆಯ ಹೊತ್ತಿಗೆ ಸಾಯಲಿ ಎಂಬ ತರುಣಿ ಆಕೆಯನ್ನು ಹುಡುಕಿಕೊಂಡು ಬಂದಳು. ಯುದ್ಧ ಮುಗಿದ ಮೇಲೂ ಸಿಡಿಯದೆ ಉಳಿಯುವ ಮದ್ದುಗುಂಡುಗಳ ಬಗ್ಗೆ ಜಿನೀವಾದಲ್ಲಿ ದೇಶದೇಶಗಳ ಪ್ರತಿನಿಧಿಗಳು ಸಭೆ ಸೇರುತ್ತಾರೆ. ಗಾಯಗೊಂಡವರ ಹೇಳಿಕೆಗಳನ್ನು ಅಲ್ಲಿಗೆ ಕಳಿಸುವ ಸಂಸ್ಥೆ ಅವಳದು. ಅವಳು ತಂದ ಮರಾಠಿ ಫಾರಂ ಓದಿ ಹೇಳಲು ಕಲ್ಲವ್ವ ನನ್ನನ್ನು ಕರೆದಳು. ಆಕೆಯ ಮಗಳಿಗೆ ಪಾಠ ಹೇಳಿದವನು ನಾನು. ಆದರೂ ಎಚ್ಚರಿಸಿದಳು: “ಇದ್ದದ್ದು ಇದ್ದಂಗ ಓದ್ರಿ ಮಾಸ್ತರ. ನಡುವ ಒಂದು ಸಾಲು ನುಂಗಬ್ಯಾಡ್ರಿ.”

ಗಾಯವಾದ ದೇಶ: ಭಾರತ. ಯಾವ ಯುದ್ಧ ಎಂಬಲ್ಲಿ ಸಾಯಲಿ ಬರೀ ಗೆರೆ ಎಳೆದಿದ್ದಳು.

“ಅಲ್ಲಿ ಯಾಕ ಗೀಟು ಹೊಡದಾಳ?”

“ಪುಣೆದಾಗ ಯುದ್ಧ ಆಗಿಲ್ಲಲ್ಲ, ಅದಕ್ಕಂತ,” ಎಂದು ಅವಳ ಉತ್ತರವನ್ನು ತಿಳಿಸಿದೆ.

“ಹಂಗಾದ್ರ ಆ ಸಭಾದವರು, ಇದು ನಮ್ಮ ಬಾಬ್ತಲ್ಲ ಅಂತ ಕಾಗದ ಮಡಚಿ ಇಡ್ತಾರ. ಅದಕ್ಕ ನನ್ನ ಹೆಬ್ಬೆಟ್ಟು ಬೇಕೇನು? ಕೃಷ್ಣಾಜಿ ಕಳಿಸ್ಯಾನೇನು ಈಕಿನ್ನ?”

ನಾನು ಅದನ್ನು ಸಾಯಲಿಗೆ ಮರಾಠಿಯಲ್ಲಿ ತಿಳಿಸಿದೆ. ಕಲ್ಲವ್ವ ಎಡಗೈಯಲ್ಲಿ ಪೆನ್ನು ಹಿಡಿದು ಫಾರಮಿನ ಹಿಂದೆ ಸಿಡಿದ ತುಂಡಿನ ಚಿತ್ರ ಬಿಡಿಸಿದಳು: ಚೂಪು ಮೂತಿ, ನಡುವೆ ಪಟ್ಟಿ, ಕೆಳಗೆ ಪರದೇಶದ ಅಕ್ಷರಗಳು. ಓದು ಬಾರದಿದ್ದರೂ ಕಂಡದ್ದನ್ನು ಕಂಡಂತೆಯೇ ತಿದ್ದಿದಳು.

“ಯಾವ ಯುದ್ಧದ್ದು ಅನ್ನೂದು ಅವರೇ ಹುಡುಕಲಿ. ಒಂದು ಸಿಡದದ. ಇನ್ನ ಆರು ಅದೇ ರಾಶ್ಯಾಗ ಅದಾವ. ನನ್ನ ತಂಗಿ ಅದರ ಮಗ್ಗಲಕ್ಕ ಕೂಡ್ತಾಳ, ಆಕೀನ ಹೇಳ್ಯಾಳ.”

ಇದನ್ನು ಇಂದೇ ಪೊಲೀಸರಿಗೆ ತಿಳಿಸಬೇಕು ಎಂದಳು ಸಾಯಲಿ. “ಯಂಕವ್ವನ ಕೆಲಸ ಹೋದೀತು, ನೋಡು,” ಎಂದೆ ನಾನು ಕಲ್ಲವ್ವನಿಗೆ. ಕಲ್ಲವ್ವ ನನ್ನ ವಹಿಯನ್ನು ಸಾಯಲಿಯ ಮುಂದೆ ಸರಿಸಿದಳು.

“ಮೊದಲ ಈಕಿ ಸಹಿ ಮಾಡ್ಲಿ. ನಾಳೆ ನನಗ ‘ನೀ ಯಾರು’ ಅಂದ್ರ?”

ಸಾಯಲಿ ನನ್ನ ವಹಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರು ಬರೆದು ಸಹಿ ಹಾಕಿದಳು. ಕಲ್ಲವ್ವ ಆ ನಂಬರಿಗೆ ನನ್ನಿಂದ ಫೋನ್ ಮಾಡಿಸಿದಳು. ಸಾಯಲಿಯ ಚೀಲದೊಳಗೆ ಫೋನ್ ಗಣಗಣಿಸಿದ ಮೇಲೆಯೇ ಎಡಗೈ ಹೆಬ್ಬೆಟ್ಟನ್ನು ಒತ್ತಿದಳು. ಪೊಲೀಸರಿಗೆ ತಿಳಿಸಲು ಸಾಯಲಿಗೆ ಒಪ್ಪಿಗೆ ಕೊಟ್ಟು, ಆಮೇಲೆ ತಂಗಿಗೆ ಫೋನ್ ಹಚ್ಚಿದಳು.

“ಯಂಕಿ, ಕೈಯಾಗಿಂದು ಅಲ್ಲೇ ಮೆಲ್ಲಕ ಇಟ್ಟು ಹೊರಗ ಬಾ. ಎಲ್ಲಾರಿಗೂ ಹೊರಗ ಬರ್ರಿ ಅನ್ನು.”

“ಮುಕಾದಮ ಬೈತಾನಕ್ಕ.”

“ಬೈಲಿ. ಬಾ.”

“ಬಂದೆ, ಬಂದೆ.”

ಕಲ್ಲವ್ವ ಆ ಮಾತನ್ನೂ ನಂಬಲಿಲ್ಲ. ಆ ಕಡೆಯಿಂದ ಹೆದ್ದಾರಿಯ ಲಾರಿಗಳ ಸದ್ದು ಕೇಳುವವರೆಗೆ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.