ಗಬ್ಬೂರಿನಲ್ಲಿ ಬಸ್ಸು ಐದು ನಿಮಿಷ ನಿಂತಿತ್ತು

ಹೋದ ತಿಂಗಳು ನನ್ನ ತಮ್ಮನ ಮೊಮ್ಮಗಳು ಒಂದು ಹಾಳೆ ಹಿಡಿದುಕೊಂಡು ಬಂದಳು. ಸಂಡೇ ಸ್ಕೂಲಿನಲ್ಲಿ ಕೊಟ್ಟ ಪ್ರಶ್ನೆಪತ್ರಿಕೆ. ಜೆರಾಕ್ಸ್ ಅಂಗಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೂರನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು, "ಅಜ್ಜಿ, ಇದಕ್ಕೇನ್ ಬರೀಲಿ?" ಎಂದಳು. "ಪಾಪವು ವಿಶ್ವಾಸಿಗೂ ದೇವರಿಗೂ ಇರುವ ಸಂಬಂಧವನ್ನು ಬಾಧಿಸುತ್ತದೆಯೇ? ಐದು ವಾಕ್ಯಗಳಲ್ಲಿ ಉತ್ತರಿಸಿ."

ಐದು ವಾಕ್ಯ! ನನಗೆ ಮೈಯೆಲ್ಲ ಉರಿಯಿತು. ಮಾನ್ವಿಯ ಶಾಲೆಯಲ್ಲಿ ಇಷ್ಟು ವರ್ಷ ಇಂಥ ಪ್ರಶ್ನೆಗಳನ್ನು ಕೊಟ್ಟವಳೇ ನಾನು, ಇಲ್ಲವೆನ್ನುವುದಿಲ್ಲ. ಮಳೆ ಹೇಗೆ ಬರುತ್ತದೆ ಎಂಬುದನ್ನು ಐದು ವಾಕ್ಯದಲ್ಲಿ ಹೇಳಬಹುದು. ಆದರೆ ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಉತ್ತರ ಹುಡುಕಿದ್ದಾರೆ. ಎಷ್ಟು ಭಾನುವಾರದ ಮಾಂಸದ ಸಾರು ತಣ್ಣಗಾಯಿತೋ ನನಗೇ ಗೊತ್ತು. ಅದಕ್ಕೆಲ್ಲ ಕಾರಣ ನಮ್ಮ ದೊಡ್ಡವ್ವ.

ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ, ಸುಂದರಮ್ಮ. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹೆರಿಗೆ ಮಾಡಿಸುವ ತರಬೇತಿ ಪಡೆದು ದೇವದುರ್ಗದಲ್ಲಿ ಒಂದು ಮನೆ ಮಾಡಿಕೊಂಡಿದ್ದಳು. ಸುತ್ತಿನ ಹಳ್ಳಿಗಳಲ್ಲಿ ಅವಳನ್ನು ನರ್ಸಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ-ಅವ್ವ ರಾಯಚೂರಿನಲ್ಲಿದ್ದರು. ಮನೆ ತುಂಬ ಮಕ್ಕಳು. ಅದಕ್ಕೇ ನನ್ನನ್ನು ದೊಡ್ಡವ್ವನ ಹತ್ತಿರ ಓದಲು ಬಿಟ್ಟಿದ್ದರು. ಅವಳು ನನ್ನನ್ನು ಮುದ್ದಿನಿಂದ ಹಾಳು ಮಾಡಿದಳು. ಇದು ನನ್ನ ಮಾತಲ್ಲ, ಅವ್ವ ಸಾಯುವತನಕ ಹೇಳುತ್ತಿದ್ದ ಮಾತು.

ನಾನು ಹದಿನಾಲ್ಕರಲ್ಲಿದ್ದಾಗ ನನ್ನ ದೃಢೀಕರಣ ಬಂತು. ನಮ್ಮಲ್ಲಿ ಕೂಸಿದ್ದಾಗಲೇ ದೀಕ್ಷಾಸ್ನಾನ ಕೊಡಿಸಿರುತ್ತಾರೆ. ಬುದ್ಧಿ ಬಂದ ಮೇಲೆ ಸಭೆಯ ಮುಂದೆ ನಿಂತು, "ಹೌದು, ನಾನು ನಂಬುತ್ತೇನೆ" ಎಂದು ನಾವೇ ಹೇಳಬೇಕು. ಅಂದಿನಿಂದ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ನಮಗೂ ಸಿಗುತ್ತದೆ. ಭಾನುವಾರ ಬೆಳಿಗ್ಗೆ ರಾಯಚೂರಿನ ಗುಡಿಗೆ, ಅಂದರೆ ಚರ್ಚಿಗೆ, ಬಿಷಪ್ಪರು ಬರುವವರಿದ್ದರು. ಶನಿವಾರ ಮಧ್ಯಾಹ್ನ ಮೂರರ ಬಸ್ಸಿಗೆ ಹೊರಡಬೇಕು. ದೊಡ್ಡವ್ವ ನನ್ನ ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಆಗ ಗಬ್ಬೂರಿನಿಂದ ಸೈಕಲ್ ತುಳಿದುಕೊಂಡು ಒಬ್ಬ ಬಂದ. ಕುರಿ ಕಾಯುವ ಮನೆತನದವನು, ಬೀರಪ್ಪ. ತಂಗಿ ಮಾಳಮ್ಮನಿಗೆ ಚೊಚ್ಚಲ ಹೆರಿಗೆ, ಬೆಳಿಗ್ಗೆಯಿಂದ ನೋವು ತಿನ್ನುತ್ತಿದ್ದಾಳೆ ಎಂದು ಅಂಗಳದಿಂದಲೇ ಕೂಗಿದ.

ದೊಡ್ಡವ್ವ ಇಸ್ತ್ರಿ ಎತ್ತಿ ಹಿಡಿದು ನನ್ನ ಮುಖ ನೋಡಿದಳು. ನಾನು ಅಳುವ ಮುಖ ಮಾಡಿದೆ. ಅದು ನನಗೆ ಚೆನ್ನಾಗಿ ಬರುತ್ತಿತ್ತು. ದೊಡ್ಡವ್ವ ಪಿಸುಗುಟ್ಟಿದಳು: "ಹೋಗು, ದೊಡ್ಡವ್ವಗ ಜ್ವರ ಬಂದದ, ಏಳಾಕ ಆಗವಲ್ದು ಅಂತ ಹೇಳು. ಚೊಚ್ಚಲ ಅದ, ಇನ್ನಾ ಭಾಳ ಹೊತ್ತು ಹಿಡೀತದ. ಅಲ್ಲಿ ಸೂಲಗಿತ್ತಿ ಮುದುಕಿ ಅದಾಳ."

ನಾನು ಬಾಗಿಲಿಗೆ ಹೋಗಿ ಹೇಳಿದೆ. ಸುಮ್ಮನೆ ಹೇಳಲಿಲ್ಲ, ಸ್ವಲ್ಪ ಸೇರಿಸಿಯೇ ಹೇಳಿದೆ: "ಜ್ವರ ಭಾಳ ಅದರಿ, ಮೈ ಕೆಂಡ ಆಗ್ಯದ." ಆತ "ಅಯ್ಯ ಪಾಪ" ಎಂದು ತಲೆಗೆ ಕಟ್ಟಿದ ವಲ್ಲಿ ಬಿಚ್ಚಿ ಬೆವರೊರೆಸಿಕೊಂಡು ಸೈಕಲ್ ತಿರುಗಿಸಿದ.

ಮೂರರ ಬಸ್ಸಿಗೆ ನಾವು ಹೊರಟೆವು. ದೇವದುರ್ಗದಿಂದ ರಾಯಚೂರಿಗೆ ಹೋಗುವ ಬಸ್ಸು ಗಬ್ಬೂರಿನ ಮೇಲೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಇದು ನಮ್ಮಿಬ್ಬರಿಗೂ ಹೊಳೆದದ್ದು ಬಸ್ಸು ಗಬ್ಬೂರಿನಲ್ಲಿ ನಿಂತಾಗ. ಡ್ರೈವರ್ ಚಹಾ ಕುಡಿಯಲು ಇಳಿದ. ದೊಡ್ಡವ್ವ ಸೆರಗನ್ನು ಮೂಗಿನತನಕ ಎಳೆದುಕೊಂಡು ಕುಗ್ಗಿ ಕುಳಿತಳು. ನನಗೆ ನಗು. ಐದು ನಿಮಿಷದ ಮೇಲೆ ಬಸ್ಸು ಹೊರಟಿತು.

ಮರುದಿನ ಬಿಷಪ್ಪರು ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು "ನಂಬುತ್ತೇನೆ" ಎಂದೆ. ದೊಡ್ಡವ್ವ ಸಂತೋಷದಿಂದ ಅತ್ತಳು. ಸೋಮವಾರ ದೇವದುರ್ಗಕ್ಕೆ ಮರಳಿದಾಗ ಬೀದಿಯವರೇ ಸುದ್ದಿ ಹೇಳಿದರು. ಮಾಳಮ್ಮ ಉಳಿದಿದ್ದಳು. ಗಂಡು ಕೂಸು ಹೊರಗೆ ಬರುವಾಗಲೇ ಉಸಿರಿರಲಿಲ್ಲವಂತೆ. ಕರುಳಬಳ್ಳಿ ಕೊರಳಿಗೆ ಸುತ್ತಿತ್ತಂತೆ.

ಅಂದಿನಿಂದ ದೊಡ್ಡವ್ವ ಪ್ರಾರ್ಥನೆ ನಿಲ್ಲಿಸಿದಳು. ಗುಡಿಗೆ ಬರುವುದನ್ನು ಬಿಡಲಿಲ್ಲ, ಬಿಟ್ಟಿದ್ದರೆ ನಮಗೂ ನೆಮ್ಮದಿ ಇರುತ್ತಿತ್ತೇನೋ. ಪ್ರತಿ ಭಾನುವಾರ ಬರುವಳು, ಹಾಡುವಳು, ಪ್ರಸಂಗ ಕೇಳುವಳು. ತಿಂಗಳಿಗೊಮ್ಮೆ ಕರ್ತನ ಭೋಜನದ ಮೇಜಿನ ಬಿಳಿ ಬಟ್ಟೆ ತೆಗೆದ ಕೂಡಲೇ ಎದ್ದು, ಎಲ್ಲರ ಕಾಲು ತುಳಿಯುತ್ತ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಲ್ಲುವಳು. ಮನೆಯಲ್ಲಿ ಸಂಜೆಯ ಪ್ರಾರ್ಥನೆ ಸರದಿಯಂತೆ ಸುತ್ತಿ ಅವಳ ಹತ್ತಿರ ಬಂದರೆ ಒಂದೇ ಮಾತು: "ನನ್ನ ಬಿಡ್ರಿ. ಆತನ ಕೂಡ ನಾ ಮಾತು ಬಿಟ್ಟೀನಿ."

ದೇವರ ಜೊತೆ ಮಾತು ಬಿಡುವುದೆಂದರೇನು? ಓರಗಿತ್ತಿಯೇ ಆತ? ನಾನು ಓದು ಮುಗಿಸಿ ಮಾನ್ವಿಯಲ್ಲಿ ಟೀಚರಾದೆ. ದೊಡ್ಡವ್ವ ನನಗೆ ಅಡುಗೆ ಮಾಡಿ ಹಾಕುತ್ತ ನನ್ನ ಜೊತೆಗೇ ಇದ್ದಳು. ಈ ಒಂದು ಹಟವನ್ನು ಮಾತ್ರ ಬಿಡಲಿಲ್ಲ. ಭಾನುವಾರ ರಾಯಚೂರಿಗೆ ಹೋದರೆ ಊಟಕ್ಕೆ ಪಾದ್ರಿ ಅಯ್ಯನವರು ಬರುತ್ತಿದ್ದರು, ಅಪ್ಪ ಸಭೆಯ ಹಿರಿಯನಾದ್ದರಿಂದ. ತಾಟಿನ ಮುಂದೆ ಕುಳಿತ ಕೂಡಲೇ ಇಬ್ಬರಿಗೂ ಇದೇ ವಿಷಯ.

"ಪಾಪದಾಗ ಇದ್ದಾಕಿಗೆ ದೇವರ ಸಂಬಂಧ ಕಡಿದಂಗ," ಎನ್ನುವನು ಅಪ್ಪ.

"ಹೆಂಗ ಕಡೀತದರಿ? ಮಗ ತಪ್ಪು ಮಾಡಿದ್ರ ಮಗ ಅಲ್ಲ ಅನ್ನಾಕ ಬರ್ತದೇನು?" ಎನ್ನುವರು ಅಯ್ಯನವರು.

"ಹಂಗಂದ್ರ ಎಲ್ಲಾರೂ ಪಾಪ ಮಾಡ್ಕೋತ ಕುಂದ್ರಲಿ!"

ಯಾರ ಆತ್ಮದ ಮಾತು ನಡೆದಿದೆಯೋ ಆಕೆಯೇ ಅವರ ನಡುವೆ ಬಗ್ಗಿ, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದು ಕೇಳುವಳು. ನನಗೆ ತಾಟು ಎತ್ತಿ ಬಿಸಾಡಬೇಕೆನಿಸುತ್ತಿತ್ತು.

ಒಮ್ಮೆ ಅಯ್ಯನವರು ನೇರವಾಗಿಯೇ ಹೇಳಿದರು: "ಸುಂದರಮ್ಮ, ನೀವು ದೇವರ ಮಗಳು ಹೌದಲ್ಲೋ?"

"ಮಗಳು ಇದ್ದೀನ್ರಿ. ಅದೇನು ಹೋಗಂಗಿಲ್ಲ. ಅಪ್ಪನ ಮಾರಿ ನೋಡಾಕ ಆಗವಲ್ದು, ಅಷ್ಟೇ."

"ಕ್ಷಮಿಸು ಅಂತ ಒಂದು ಮಾತು ಕೇಳ್ರಿ. ಆತ ಕ್ಷಮಿಸ್ತಾನ."

"ಕ್ಷಮಿಸ್ತಾನ, ನನಗೊತ್ತದ. ಅದಕ್ಕೇ ಕೇಳವಲ್ಲೆ. ಮಾಳಮ್ಮಗ ಇನ್ನಾ ಸುಳ್ಳೇ ಗೊತ್ತದ. ಆಕಿ ಕಡೆ ಹೋಗದನೆ ಈತನ ಕೂಡ ಒಳಗಿಂದೊಳಗ ಮುಗಿಸಿಕೊಂಡ್ರ ಹೆಂಗ್ರಿ?"

ಅವ್ವ ಅಡುಗೆಮನೆಯಿಂದಲೇ ಕೂಗಿದಳು: "ನೀ ಹೋಗಿದ್ರೂ ಆ ಕೂಸು ಉಳೀತಿದ್ದಿಲ್ಲಕ್ಕಾ!"

"ಉಳೀತಿತ್ತೋ ಇಲ್ಲೋ, ಅದು ಬ್ಯಾರೆ. ಬಸ್ಸು ನಿಂತಿತ್ತು, ನಾ ಇಳೀಲಿಲ್ಲ. ಅದು ಬ್ಯಾರೆ."

ಹಾಗಾದರೆ ಗಬ್ಬೂರಿಗೆ ಹೋಗಿ ಹೇಳಿಬಿಡಬಹುದಲ್ಲ? ಅದಕ್ಕೂ ಧೈರ್ಯವಿಲ್ಲ. ಹೀಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಒಂಬತ್ತು ವರ್ಷ. ಒಂದು ಮಾತನ್ನು ನೀವು ಗಮನಿಸಿರಬಹುದು, ನಾನು ಆಗ ಗಮನಿಸಿರಲಿಲ್ಲ. ಬಾಗಿಲಲ್ಲಿ ನಿಂತು ಸುಳ್ಳು ಹೇಳಿದವಳು ನಾನು. ಆದರೂ ಪ್ರತಿ ತಿಂಗಳು ಮುಂದಿನ ಸಾಲಿನಲ್ಲೇ ಮೊಣಕಾಲೂರಿ ರೊಟ್ಟಿ ತೆಗೆದುಕೊಳ್ಳುತ್ತಿದ್ದೆ. ನನಗೇನೂ ಆಗಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ಭಾನುವಾರ ದೊಡ್ಡವ್ವ ಎಂದಿನಂತೆ ಎದ್ದು ಹೋಗುವಾಗ ಮುಂದಿನ ಹೆಂಗಸಿನ ಮಡಿಲಲ್ಲಿ ಮಲಗಿದ್ದ ಕೂಸನ್ನು ಎಡವಿ ಎಬ್ಬಿಸಿದಳು. ಅದು ಕಿಟಾರನೆ ಕಿರುಚಿತು. ಗುಡಿಯೆಲ್ಲ ತಿರುಗಿ ನೋಡಿತು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು, ಅವಳ ಹಿಂದೆಯೇ ಮೆಟ್ಟಿಲಿಗೆ ಹೋದೆ. "ದೊಡ್ಡವ್ವ, ಒಳಗರ ಬಾ, ಇಲ್ಲಾ ಗಬ್ಬೂರಿಗೆರ ಹೋಗು. ಹಿಂಗ ಬಾಗಿಲದಾಗ ನಿಂತು ನಮ್ಮ ಜೀವಾ ತಿನ್ನಬ್ಯಾಡ!"

ಅವಳು ನನ್ನನ್ನೇ ನೋಡಿದಳು. "ಬಸ್ಸು ಎಷ್ಟಕ್ಕದ?" ಎಂದಳು.

ಭಾನುವಾರದ ರೇಷ್ಮೆ ಸೀರೆ, ಖಾಲಿ ಹೊಟ್ಟೆ, ಮನೆಯಲ್ಲಿ ಕುದಿಯುತ್ತಿರುವ ಸಾರು. ಹಾಗೆಯೇ ಹೊರಟೆವು. ನನ್ನ ಬಾಯನ್ನು ನಾನೇ ಶಪಿಸಿಕೊಂಡೆ.

ಮಾಳಮ್ಮನ ಮನೆ ಬಸ್ ನಿಲ್ದಾಣದ ಹಿಂದೆಯೇ ಇತ್ತು. ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಳು. ಎರಡು ಹೆಣ್ಣುಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು. "ಯವ್ವಾ, ನರ್ಸಮ್ಮ! ಬರ್ರಿ ಬರ್ರಿ!" ಎಂದು ಕಂಬಳಿ ಹಾಸಿ, ಎರಡು ಗಿಂಡಿ ಮಜ್ಜಿಗೆ ತಂದಿಟ್ಟಳು. ದೊಡ್ಡವ್ವ ಮುಟ್ಟಲಿಲ್ಲ. ಪೀಠಿಕೆಯಿಲ್ಲದೆ ಹೇಳಿದಳು: "ಮಾಳಮ್ಮ, ಅವತ್ತು ನನಗ ಜ್ವರ ಬಂದಿದ್ದಿಲ್ಲ. ಸುಳ್ಳು ಹೇಳಿ ರಾಯಚೂರಿಗೆ ಹೋದೆ. ಬಸ್ಸು ಇಲ್ಲೇ ನಿಂತಿತ್ತು. ಇಳೀಲಿಲ್ಲ."

ಮಾಳಮ್ಮನ ಕೈಯ ಕದರು ನಿಂತಿತು. ಆಮೇಲೆ, "ಆ ಬಸ್ಸಿನ ಸಪ್ಪಳ ನನಗ ಕೇಳಿತ್ರಿ" ಎಂದಳು. "ನಿಮಗ ಜ್ವರ ಅಂತ ನಮ್ಮಣ್ಣ ಹೇಳಿದಾಗ, ನೋವು ತಿನ್ಕೋತನೇ ನಿಮ್ಮ ಸಲುವಾಗಿ ಹರಕಿ ಹೊತ್ತಿದ್ದೆ. ನರ್ಸಮ್ಮಗ ಆರಾಮ ಆಗ್ಲಿ ಅಂತ. ಆಮ್ಯಾಲೆ ಹೋಗಿ ಕಾಯಿ ಒಡಿಸಿ ಬಂದೀನಿ."

ದೊಡ್ಡವ್ವನ ತಲೆ ಎದೆಗೆ ಬಗ್ಗಿತು.

"ನಮ್ಮಣ್ಣಗ ಬಾಗಿಲದಾಗ ಸುಳ್ಳು ಹೇಳಿದವರು ಯಾರ್ರಿ?"

"ನಾನೇ," ಎಂದಳು ದೊಡ್ಡವ್ವ, ನನ್ನ ಕಡೆ ಕಣ್ಣೂ ಹೊರಳಿಸದೆ.

ನಾನು ಉಣ್ಣೆಯ ರಾಶಿ ನೋಡುತ್ತ ಕುಳಿತೆ. ಬಾಯಿ ಬಿಡಲಿಲ್ಲ.

ಮಾಳಮ್ಮ ಅಳಲಿಲ್ಲ, ಬೈಯಲಿಲ್ಲ. "ಈಗ ನಾ ಏನನ್ಲಿ ನಿಮಗ? ಮಜ್ಜಿಗಿ ಕುಡೀರಿ. ಕುಡಿದು ಹೋಗ್ರಿ. ಇವತ್ತು ಮತ್ತೇನೂ ಕೇಳಬ್ಯಾಡ್ರಿ ನನ್ನ." ದೊಡ್ಡವ್ವ ಎರಡೂ ಕೈಯಲ್ಲಿ ಗಿಂಡಿ ಎತ್ತಿ, ಒಂದು ಹನಿ ಉಳಿಸದೆ ಕುಡಿದಳು.

ಮರಳುವ ಬಸ್ಸು ಸಂತೆಯಂತೆ ತುಂಬಿತ್ತು. ಕಿಟಕಿಯ ಪಕ್ಕ ಕುಳಿತ ದೊಡ್ಡವ್ವ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಶುರುಮಾಡಿದಳು. "ಕೇಳಿದೇನಪ್ಪಾ ಆಕಿ ಮಾತು? ಹರಕಿ ಹೊತ್ತಿದ್ಲಂತ ನನ್ನ ಸಲುವಾಗಿ! ನಿನಗ ಗೊತ್ತಿತ್ತು, ಒಂದು ಮಾತು ಹೇಳಲಿಲ್ಲ ನೀ. ಹೇಳಿದ್ರ ಕೇಳಾಕ ನಾ ಎಲ್ಲಿದ್ದೆ, ಅದೂ ಖರೇ. ಮಾತು ಬಿಟ್ಟಾಕಿ ನಾನು. ನೀ ಎಲ್ಲಿ ಬಿಟ್ಟಿದ್ದಿ..." ಕಣ್ಣಿಂದ ನೀರು, ಬಾಯಿಂದ ಜಗಳ. ಬಸ್ಸೆಲ್ಲ ನಮ್ಮನ್ನೇ ನೋಡುತ್ತಿತ್ತು. ನಾನು ಅವಳ ಕೈ ಹಿಂಡಿದೆ, ಚಿವುಟಿದೆ. ನಿಲ್ಲಿಸಲಿಲ್ಲ.

ಕಂಡಕ್ಟರ್ ಬಂದ. "ಯಾರ ಕೂಡ ಮಾತಾಡಾಕತ್ತೀರಿ ಯವ್ವಾ?"

"ನಮ್ಮಪ್ಪನ ಕೂಡ."

"ಎಲ್ಲಿದಾರ್ರಿ?"

"ಇಲ್ಲೇ ಅದಾನ."

ಆತ ಸೀಟು ನೋಡಿದ, ನನ್ನನ್ನು ನೋಡಿದ. "ಹಂಗಾರ ಟಿಕೇಟು ಎರಡೋ, ಮೂರೋ?"

ಮುಂದಿನ ತಿಂಗಳು ದೊಡ್ಡವ್ವ ಮೊಣಕಾಲೂರಿ ಕರ್ತನ ಭೋಜನ ತೆಗೆದುಕೊಂಡಳು. ಅಪ್ಪ ಮತ್ತು ಅಯ್ಯನವರು, ಇಬ್ಬರೂ ತಮ್ಮ ವಾದವೇ ಗೆದ್ದಿತೆಂದು ತಿಳಿದುಕೊಂಡರು. ಮಾಳಮ್ಮ ಮುಂದೆಂದೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ. ಆದರೂ ಇರುವತನಕ ವರ್ಷಕ್ಕೊಮ್ಮೆ ದೊಡ್ಡವ್ವ ಗಬ್ಬೂರಿಗೆ ಹೋಗಿ, ಅವಳ ಕಟ್ಟೆಯ ಮೇಲೆ ಕುಳಿತು ಬರುತ್ತಿದ್ದಳು. ನಾನು ಮತ್ತೆ ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಶಾಲೆಯ ಕೆಲಸ, ಮಕ್ಕಳ ಪರೀಕ್ಷೆ. ಏನಾದರೊಂದು ಇದ್ದೇ ಇರುತ್ತಿತ್ತು.

ಇದನ್ನೆಲ್ಲ ತಮ್ಮನ ಮೊಮ್ಮಗಳಿಗೆ ಹೇಳಿ ಮುಗಿಸಿದೆ. ಅವಳು ಪೆನ್ನಿನ ತುದಿ ಕಚ್ಚುತ್ತ, "ಮತ್ತ ನೀವ್ಯಾವಾಗ ಹೇಳಿದ್ರಿ ಅಜ್ಜಿ ಮಾಳಮ್ಮಗ?" ಎಂದಳು. ಈಗಿನ ಹುಡುಗಿಯರಿಗೆ ಅಧಿಕಪ್ರಸಂಗ ಜಾಸ್ತಿ. ಗದರಿಸಿ ಕಳಿಸಿದೆ. ಅಂದು ಸಂಜೆ ಪ್ರಾರ್ಥನೆಗೆ ಕುಳಿತರೆ ಬಾಯಿ ಕಟ್ಟಿತು. ನಲವತ್ತು ವರ್ಷ ಸಭೆಯಲ್ಲಿ ಎಲ್ಲರಿಗಿಂತ ಉದ್ದವಾಗಿ ಪ್ರಾರ್ಥನೆ ಮಾಡಿದವಳು ನಾನು. "ಪರಲೋಕದಲ್ಲಿರುವ ತಂದೆಯೇ" ಎಂದೆ. ಮುಂದೆ ಒಂದು ಶಬ್ದ ಬರಲಿಲ್ಲ. ಮರುದಿನವೂ ಇಲ್ಲ. ನಾಲ್ಕನೆಯ ದಿನ ನನಗೆ ನನ್ನ ಮೇಲೆಯೇ ರೇಗಿಹೋಗಿ, ಗಬ್ಬೂರಿಗೆ ಬೆಳಗಿನ ಬಸ್ಸು ಹತ್ತಿದೆ.

ಮಾಳಮ್ಮನಿಗೆ ಈಗ ಕಣ್ಣು ಮಂಜು. ಅವಳ ಮೊಮ್ಮಗಳು ನನ್ನನ್ನು ಹತ್ತಿರ ಕೂರಿಸಿದಳು. ಬಸ್ಸಿನುದ್ದಕ್ಕೂ ಪೋಣಿಸಿಕೊಂಡು ಬಂದ ಮಾತೆಲ್ಲ ಹಾರಿಹೋಗಿತ್ತು. "ಅವತ್ತು ಬಾಗಿಲದಾಗ ನಿಂತು ಸುಳ್ಳು ಹೇಳಿದಾಕಿ ನಾನವ್ವಾ. ದೊಡ್ಡವ್ವ ಅಲ್ಲ," ಎಂದೆ.

"ಗೊತ್ತಿತ್ತು," ಎಂದಳು ಮಾಳಮ್ಮ. "ಒಂದು ಹುಡುಗಿ ಬಂದು ಹೇಳಿತು ಅಂತ ನಮ್ಮಣ್ಣ ಅವತ್ತೇ ಹೇಳಿದ್ದ. ನಿಮ್ಮ ದೊಡ್ಡವ್ವ 'ನಾನೇ' ಅಂದಾಗ ನಾ ನಿನ್ನ ಮಾರಿನೇ ನೋಡಾಕತ್ತಿದ್ದೆ. ಈಗ ಹೇಳ್ತಾಳ, ಇನ್ನೊಂದು ವರ್ಷಕ್ಕರ ಬಂದು ಹೇಳ್ತಾಳ ಅಂತ. ಪ್ರತಿ ವರ್ಷ ಆಕಿ ಬಂದಾಗ ಹಿಂದ ನೀ ಅದಿ ಏನು ಅಂತ ನೋಡ್ತಿದ್ದೆ." ತಡವುತ್ತ ನನ್ನ ಕೈ ಹುಡುಕಿ ಹಿಡಿದು, ಬೇಸತ್ತವಳಂತೆ ಒಮ್ಮೆ ಜಗ್ಗಿದಳು. "ಎಷ್ಟು ತಡಾ ಮಾಡಿದಿ ಯವ್ವಾ."