ಚೌಕಾಸಿ ಮರೆಸುವ ಬೇಂಜೊ

ಸೀರೆ ವ್ಯಾಪಾರಕ್ಕೆ ಹೊಸದಾಗಿ ಇಳಿಯುವ ಹೆಣ್ಣುಮಕ್ಕಳು ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಕೇಳದವರಿಗೂ ನಾನು ಹೇಳುತ್ತೇನೆ, ಅದು ಬೇರೆ ಮಾತು. ಗಿರಾಕಿ ಬೆಲೆ ಕೇಳಿ ಮುಖ ತಿರುಗಿಸಿದರೆ ಹೆದರಬೇಡಿ, ಅವಳ ಕೈ ಸೀರೆಯ ಸೆರಗನ್ನು ಬಿಟ್ಟಿದೆಯೋ ಇಲ್ಲವೋ ನೋಡಿ. ಬಿಟ್ಟಿಲ್ಲವೆಂದರೆ ವ್ಯಾಪಾರ ಆದಂತೆಯೇ. ಮಸ್ಕಿಯ ಸಂತೆಯಲ್ಲಿ ಗಂಟು ಬಿಚ್ಚಿ ಕೂತ ದಿನದಿಂದ ಸಿಂಧನೂರಿನ ಈ ಮನೆಯ ಮುಂದಿನ ಕೋಣೆಯಲ್ಲಿ ಕಪಾಟು ನಿಲ್ಲಿಸುವ ತನಕ ನಾನು ಕಲಿತದ್ದು ಇದನ್ನೇ. ಆದರೆ ಗಂಡ ಬೇಂಜೊ ಬಾರಿಸುವವನಾಗಿದ್ದರೆ ಏನು ಮಾಡಬೇಕೆಂದು ಯಾರೂ ಕೇಳಿಲ್ಲ. ಅದಕ್ಕೆ ಉತ್ತರ ಹುಡುಕಲು ನನಗೂ ತಡವಾಯಿತು.

ನಮ್ಮ ಮನೆಯವರದು ಮೋಟರ್ ವೈಂಡಿಂಗ್ ಅಂಗಡಿ. ಕಾಲುವೆ ಕಡೆಯ ಊರುಗಳಿಂದ ಸುಟ್ಟ ಪಂಪುಗಳು ಬರುತ್ತವೆ, ಇವರು ತಾಮ್ರದ ತಂತಿ ಸುತ್ತಿ ಕಳಿಸುತ್ತಾರೆ. ಬೇಂಜೊ ಅವರ ಹಳೆಯ ಚಟ. ಉದ್ದನೆಯ ಪೆಟ್ಟಿಗೆ, ಮೇಲೆ ತಂತಿ, ಅದರ ಜೊತೆ ಟೈಪ್ ಯಂತ್ರದಂಥ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಲಿಂಗಸುಗೂರಿನಲ್ಲಿ ವೈಂಡಿಂಗ್ ಕಲಿಯುವಾಗ ಪಕ್ಕದ ಅಂಗಡಿಯ ಕವ್ವಾಲಿ ಹಾಡುವವರಿಂದ ಕಲಿತದ್ದಂತೆ.

ಹೋದ ಬೇಸಿಗೆಯ ಒಂದು ಶುಕ್ರವಾರ ಹೊಸ ಮಾಲು ಬಂದಿತ್ತು. ಕೋಣೆ ತುಂಬ ಹೆಂಗಸರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತದ್ದೇ ತಡ, ಎಲ್ಲರೂ ಗಾಳಿ ಹಾಕಿಕೊಳ್ಳುತ್ತ ಏಳತೊಡಗಿದರು. ಊಟಕ್ಕೆ ಬಂದಿದ್ದ ಇವರನ್ನು ನಾನೇ ಒಳಗಿನಿಂದ ಕರೆದೆ. ಏನಾದರೂ ಬಾರಿಸಿ, ಹೆಂಗಸರು ಇನ್ನೊಂದು ಗಳಿಗೆ ಕೂತರೆ ಸಾಕು ಎಂದೆ.

ಕೂತರು. ಹಟ್ಟಿಯಿಂದ ಬರುವ ಒಬ್ಬ ಗಿರಾಕಿ ಇದ್ದಾಳೆ, ಗಂಡನಿಗೆ ಚಿನ್ನದ ಗಣಿಯಲ್ಲಿ ಕೆಲಸ. ರವಿಕೆಯ ಒಂದು ಜಂಪರ್ ಪೀಸಿಗೂ ಚೌಕಾಸಿ ಮಾಡಿ ನನ್ನ ಗಂಟಲು ಒಣಗಿಸುವವಳು. ಅವತ್ತು ಇವರ ಬೆರಳುಗಳನ್ನೇ ನೋಡುತ್ತ, ನಾನು ಹೇಳಿದ ಬೆಲೆಗೆ ತುಟಿ ಪಿಟಕ್ಕೆನ್ನದೆ ದುಡ್ಡು ತೆಗೆದು ಕೊಟ್ಟಳು. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ನನಗೆ ಮಾತ್ರ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಅವು ಗ್ರೀಸು ಹತ್ತಿದ ಬೆರಳುಗಳು. ಉಗುರಿನ ಸಂದಿಯ ಕಪ್ಪು ಹೋಗಲೆಂದು ಹಿಂಡಿದ ನಿಂಬೆಹೋಳು ಎತ್ತಿಡುವವಳು ನಾನು. ನೋಡಿ ಕರಗುವವಳು ಇನ್ನೊಬ್ಬಳು.

ಅಲ್ಲಿಂದ ಪ್ರತಿ ಶುಕ್ರವಾರ ಇದೇ ಆಯಿತು. ವಾಟ್ಸಾಪಿಗೆ ಸೀರೆಯ ಫೋಟೊ ಹಾಕಿದರೆ ಬೇರೆ ಬಣ್ಣ ಇದೆಯೇ ಎಂದು ಕೇಳುತ್ತಿರಲಿಲ್ಲ, ಅಣ್ಣಾರು ಇರುತ್ತಾರಾ ಎಂದು ಕೇಳುತ್ತಿದ್ದರು. ಪಾಮನಕಲ್ಲೂರಿನ ಟೀಚರಮ್ಮ ಹೂವು ಮುಡಿದು ಬರತೊಡಗಿದಳು. ಮುಡಿಯಬಾರದೆಂದಲ್ಲ. ಮೊದಲು ಮುಡಿಯುತ್ತಿರಲಿಲ್ಲ, ಅಷ್ಟೇ. ಮಾಲು ಭರಾಟೆಯಿಂದ ಹೋಗುತ್ತಿತ್ತು, ನನ್ನ ಕೈಯಲ್ಲಿ ಸೀರೆಯ ಮಡಿಕೆ ತಪ್ಪುತ್ತಿತ್ತು.

ಒಂದು ದಿನ ಹಟ್ಟಿಯವಳು ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ನೀವು ಪುಣ್ಯ ಮಾಡೀರಿ ಬಿಡ್ರಿ ಅಕ್ಕಾರ. ದಿನಾ ಕೇಳ್ತೀರಿ," ಎಂದಳು.

ದಿನಾ ನಾನು ಕೇಳುವುದು ಗೊರಕೆ. ಮದುವೆಯಾದ ಮೇಲೆ ಒಂದು ಸಲವೂ ಇವರು ನನಗೆಂದು ಬಾರಿಸಿಲ್ಲ. ಮದುವೆಗೆ ಮೊದಲು ಕೇಳಿದ್ದೆ, ಮಸ್ಕಿಯಲ್ಲಿ, ಚಿಕ್ಕಮ್ಮನ ಮಗಳ ಅರಿಷಿಣದ ದಿನ, ಹಂದರದ ಕೆಳಗೆ. ವಾರದೊಳಗೆ ಇವರ ಕಡೆಯವರು ಹೆಣ್ಣು ಕೇಳಿಕೊಂಡು ನಮ್ಮ ಮನೆಗೆ ಬಂದರು. ಕೊತ್ತಂಬರಿ ಕಟ್ಟನ್ನೂ ಹತ್ತು ಸಲ ಎತ್ತಿ ಇಳಿಸಿ ಕೊಳ್ಳುವ ನಾನು, ಹುಡುಗನ ದುಡಿಮೆ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ, ಒಂದನ್ನೂ ಕೇಳದೆ ಒಪ್ಪಿದ್ದೆ. ಹಟ್ಟಿಯವಳ ನೋಟದ ಗುರುತು ನನಗೆ ಸಿಕ್ಕಿದ್ದು ಅದಕ್ಕೇ. ನಾನೂ ಒಮ್ಮೆ ಹಾಗೇ ನೋಡಿದ್ದೆ.

ಹಟ್ಟಿಯವಳು ಆ ಮಾತಾಡಿದ ದಿನ ಎಲ್ಲರೂ ಹೋದ ಮೇಲೆ ಬಾಗಿಲು ಮುಂದಕ್ಕೆ ಮಾಡಿ, ಗಿರಾಕಿಗಳು ಕೂಡುವ ಜಮಖಾನದ ಮೇಲೆ ಕೂತೆ. "ನನಗೊಂದು ಬಾರಸ್ರಿ," ಎಂದೆ.

ಇವರು ನನ್ನ ಮುಖ ನೋಡಿದರು. ಜನ್ಮದಲ್ಲಿ ಚೌಕಾಸಿ ಮಾಡದ ಮನುಷ್ಯ, "ಏನ್ ಕೊಡ್ತಿ?" ಎಂದರು.

"ಕೇಳಿದ್ದು ಕೊಡ್ತೀನಿ."

"ಹಂಗಾರ ಇನ್ನ ಮ್ಯಾಲ ಶುಕ್ರವಾರ ನನ್ನ ಇಲ್ಲಿ ಕುಂದ್ರಸಬ್ಯಾಡ. ಅವರು ಸೀರಿ ನೋಡ್ತಾರ, ನೀ ಅವರನ್ನ ನೋಡ್ತಿ. ನನ್ನ ಬೇಂಜೊ ಕೇಳೋರು ಯಾರದಾರ?"

ಹಟ್ಟಿಯವಳು ಏನು ನೋಡುತ್ತಿದ್ದಳೆಂದು ಇವರಿಗೆ ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ. ವ್ಯಾಪಾರದಲ್ಲಿ ಎದುರಿನವರಿಗೆ ಎಲ್ಲವನ್ನೂ ಹೇಳಬಾರದು. ಹಬ್ಬದ ಮಾಲು ಇನ್ನೂ ಕಪಾಟಿನಲ್ಲಿತ್ತು. ಒಂದು ತಿಂಗಳು ತಡೆಯಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಆಯಿತು ಎಂದೆ.

ಬಾರಿಸಿದರು. ನಡುವೆ ಒಂದು ಕಡೆ ಬೆರಳು ತಪ್ಪಿತು. ಗಿರಾಕಿಗಳ ಮುಂದೆ ಒಮ್ಮೆಯೂ ತಪ್ಪಿರಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಮುಂದಿನ ಶುಕ್ರವಾರ ಹಟ್ಟಿಯವಳು ಬಂದವಳೇ ಬೇಂಜೊ ಇಡುತ್ತಿದ್ದ ಜಾಗ ನೋಡಿದಳು. ತಂತಿ ಹರಿದಿದೆ ಎಂದೆ.

"ಅಣ್ಣಾರ ಅಂಗಡಿ ತುಂಬ ತಂತಿನ ಐತಲ್ರಿ."

"ಅದು ಬ್ಯಾರೆ ತಂತಿ," ಎಂದು ಸೀರೆ ಬಿಚ್ಚಿದೆ.

ಬೆಲೆ ಕೇಳಿ ಮುಖ ತಿರುಗಿಸಿದಳು. ಹಿಂದಿನ ಹಾಗೆಯೇ ಗಂಟಲು ಒಣಗಿಸಿದಳು. ಅವಳ ಕೈ ಸೆರಗನ್ನು ಬಿಟ್ಟಿರಲಿಲ್ಲ, ನಾನು ಬಗ್ಗಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಅವಳು ಕೇಳಿದ್ದಕ್ಕಿಂತ ತುಸು ಹೆಚ್ಚೇ ಇಳಿಸಿ ಕೊಟ್ಟೆ. ಮೇಲೊಂದು ಜಂಪರ್ ಪೀಸನ್ನೂ ಹಾಕಿದೆ.